ಅಮ್ಮನ ಬಲಗೈಯ ಟ್ಯಾಕೊ

ಬಸ್ ಡಿಪೋದ ವರ್ಕ್‌ಶಾಪಿನಿಂದ,
ಸೋಮವಾರ, ಹದಿನಾಲ್ಕನೇ ತಾರೀಖು, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಗಾಯ ಮಾಗಿತೇ? ದಿನಕ್ಕೆ ಹತ್ತು ಗಂಟೆ ಒಲೆಯ ಮುಂದೆ ನಿಲ್ಲುವವಳು ಕಾಲಿಗೆ ಒಳ್ಳೆಯ ಚಪ್ಪಲಿ ಹಾಕಿಕೊಳ್ಳುತ್ತೀಯೋ, ಇಲ್ಲ ಹರಿದದ್ದನ್ನೇ ಎಳೆದುಕೊಂಡು ಓಡಾಡುತ್ತೀಯೋ, ಅದನ್ನು ಮೊದಲು ಬರೆ. ನಾನು ಚೆನ್ನಾಗಿದ್ದೇನೆ. ಕಾಗದದ ಅಂಚಿಗೆ ಗ್ರೀಸ್ ಹತ್ತಿದ್ದರೆ ಬೈಯಬೇಡ, ಬಸ್ಸಿನ ಕೆಳಗಿನಿಂದ ಎದ್ದು ನೇರ ಬರೆಯಲು ಕೂತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ನಾಲ್ಕು ತಿಂಗಳಿಂದ ಪ್ರತಿ ಪತ್ರದಲ್ಲೂ ಈ ಮಾತು ಬರೆದಿದ್ದೇನೆ, ನಿನಗೆ ಸಮಾಧಾನವಾಗಲಿ ಎಂದು. ಇವತ್ತು ಅದು ನಿಜವಾದ್ದರಿಂದ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಮನೆಯಲ್ಲಿ ಟ್ಯಾಕೊ ಮಾಡಿದೆವು. ಹೌದು, ನಿಮ್ಮ ಅಂಗಡಿಯಲ್ಲಿ ಮಾಡುವ ಅದೇ ಹಂದಿಮಾಂಸದ ಟ್ಯಾಕೊ, ಮೆಕ್ಸಿಕೊದ ಬೀದಿಬದಿಯಲ್ಲಿ ಮಾರುವಂಥದ್ದು. ಮಾಡಿದೆವು ಎಂದೆನಲ್ಲ, ತಪ್ಪಾಯಿತು. ಮಾಡಿದ್ದು ಅಮ್ಮ. ನಾನು ಕೂಲಿಯಾಳು.

ಲಕ್ವ ಹೊಡೆದ ಮೇಲೆ ಅವಳ ಬಲಗೈ ಹೇಗಾಗಿತ್ತೆಂದು ನಿನಗೆ ಪೂರ್ತಿ ಬರೆದಿರಲಿಲ್ಲ. ಮೂವತ್ತು ವರ್ಷ ಬಟ್ಟೆ ಹೊಲಿದು ನಮ್ಮಿಬ್ಬರನ್ನು ಸಾಕಿದ ಕೈ ಚಮಚ ಹಿಡಿಯಲಾಗದೆ ಬೀಳಿಸುತ್ತಿತ್ತು. ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಬರುವ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಅಂದರು. ಅವರು ಬಾಗಿಲು ದಾಟುವಷ್ಟರಲ್ಲಿ ಚೆಂಡು ಹೊಲಿಗೆ ಯಂತ್ರದ ಕೆಳಗೆ ಸೇರಿತು. "ನಾನೇನು ಮಗುವಾ, ಚೆಂಡಾಟ ಆಡೋಕೆ?" ಎಂದಳು. ಯಂತ್ರದ ಮೇಲೂ ಒಂದು ಹಾಸಿಗೆ ಹೊದಿಕೆ ಹೊದಿಸಿಬಿಟ್ಟಿದ್ದಳು, ಕಣ್ಣಿಗೆ ಬೀಳದಿರಲಿ ಎಂದು.

ಹಾಗಿದ್ದವಳು ಮೂರು ವಾರದ ಹಿಂದೆ, ಒಂದು ಬೆಳಿಗ್ಗೆ, ನಾನು ಶೂ ಕಟ್ಟಿಕೊಳ್ಳುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದಳು: "ಅವಳು ಅಲ್ಲಿ ಮಾಡ್ತಾಳಲ್ಲ, ಮಾಂಸ ಇಟ್ಟ ರೊಟ್ಟಿ, ಹೇಗಂತೆ ಅದು? ಹೋದ ವರ್ಷ ಬರೆದಿದ್ದಳಲ್ಲ, ಓದು." ಹುಡುಕಿ ಓದಿದೆ. ಇನ್ನೊಮ್ಮೆ ಓದಿಸಿದಳು. ಗಿರಾಕಿಯ ಅಳತೆಯನ್ನು ಮನಸ್ಸಿನಲ್ಲೇ ಬರೆದುಕೊಳ್ಳುವಾಗ ಕಣ್ಣು ಮುಚ್ಚುತ್ತಾಳಲ್ಲ, ಹಾಗೆ ಮುಚ್ಚಿಕೊಂಡು ಕೇಳಿದಳು.

ಮೊದಲ ಭಾನುವಾರ ಎಲ್ಲ ಕೆಟ್ಟಿತು. ನಾನು ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದಿದ್ದೆ. ಒತ್ತಿದ ರೊಟ್ಟಿಯೆಲ್ಲ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟು ಕೈಯಲ್ಲೇ ಉದುರಿತು. ಕೊನೆಯ ಉಂಡೆ ಅಮ್ಮನ ಬೆರಳ ಸಂದಿನಿಂದ ಜಾರಿ ನೆಲಕ್ಕೆ ಬಿದ್ದಾಗ ಅವಳು ಗೋಡೆಯ ಕಡೆ ತಿರುಗಿ ಕೂತು ಅತ್ತಳು. ಆಸ್ಪತ್ರೆಯಲ್ಲೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ ಅಕ್ಕಾ. ಸಾಕು ಬಿಡಮ್ಮ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಓದು" ಎಂದಳು. ಈ ಸಲ ಒಂದಕ್ಷರ ಬಿಡದೆ ಓದಿದೆ, ಆಗ ನನ್ನ ಕಳ್ಳತನ ಸಿಕ್ಕಿಬಿತ್ತು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಬಿಟ್ಟು, ಸಿಪ್ಪೆ ಹೋಗುವಂತೆ ಉಜ್ಜಿ ತೊಳೆದು ರುಬ್ಬಬೇಕು ಎಂದು ನೀನು ಬರೆದಿದ್ದ ಸಾಲನ್ನು, ಇಷ್ಟೆಲ್ಲ ಯಾರು ಮಾಡುತ್ತಾರೆಂದು ನಾನೇ ಹಾರಿಸಿದ್ದೆ. "ಅಳತೆ ತಗೊಳ್ಳೋಕೆ ಹೋಗಿ ಒಂದು ತೋಳು ಬಿಟ್ಟು ಬಂದ್ಯಲ್ಲೋ" ಎಂದು ಬೈದಳು. ಅಳು ನಿಂತಿತ್ತು.

ಅಂದಿನಿಂದ ಹಾಗೆಯೇ ಬೇಯಿಸಿ ರುಬ್ಬಿದ ಹಿಟ್ಟು, ದಿನಾ ಒಂದು ಮುಷ್ಟಿ. ನಾನು ಡಿಪೋದಿಂದ ಬರುವಷ್ಟರಲ್ಲಿ ಕಿಟಕಿಯ ಬಳಿ ಕೂತು ಬಲಗೈಯಲ್ಲಿ ನಾದುತ್ತಿರುತ್ತಿದ್ದಳು. ಮೇಡಂ ನೋಡಿ, ಚೆಂಡಿನ ಮಾತೇ ಎತ್ತಲಿಲ್ಲ. ಬುದ್ಧಿವಂತೆ.

ನಿನ್ನೆ ಬೆಳಿಗ್ಗೆ ಹಂದಿಯ ಭುಜದ ಮಾಂಸ ತಂದೆ, ನೀನು ಹೇಳಿದಂತೆ ಸ್ವಲ್ಪ ಕೊಬ್ಬಿರುವುದು. ಅಂಗಡಿಯವನು ಕತ್ತರಿಸಿ ಕೊಡುತ್ತೇನೆಂದ, ಅಮ್ಮನ ಅಪ್ಪಣೆ ಇರಲಿಲ್ಲ. ಮನೆಯಲ್ಲಿ ಅದನ್ನು ಹಲಗೆಯ ಮೇಲೆ ತಿರುಗಿಸಿ ಬೆರಳಿನಿಂದ ತೋರಿಸಿದಳು: "ಬಟ್ಟೆಗಿರೋ ಹಾಗೆ ಇದಕ್ಕೂ ಎಳೆ ಇದೆ ನೋಡು. ಅಡ್ಡಕ್ಕೆ ಕತ್ತರಿಸು. ಎಳೆಯ ಉದ್ದಕ್ಕೆ ಹೋದ್ರೆ ಜಗಿಯೋಕಾಗಲ್ಲ." ತೆಳ್ಳಗೆ ಕತ್ತರಿಸಿದೆ. ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ವಿನೆಗರ್, ಒಂದಿಷ್ಟು ಅನಾನಸ್ ರಸ, ಎಲ್ಲ ರುಬ್ಬಿ ಮೆತ್ತಿಟ್ಟೆವು. ಬಣ್ಣಕ್ಕೆಂದು ನೀನು ಬರೆದ ಕೆಂಪು ಬೀಜ ಎಲ್ಲೂ ಸಿಗಲಿಲ್ಲ, ಕ್ಷಮಿಸು. ನಿಮ್ಮಲ್ಲಿ ಮಾಂಸವನ್ನು ಕಂಬಿಗೆ ಪೋಣಿಸಿ ಬೆಂಕಿಯ ಮುಂದೆ ತಿರುಗಿಸುತ್ತಾರಂತೆ. ನಮ್ಮಲ್ಲಿ ಇದ್ದದ್ದು ಒಂದು ಕಬ್ಬಿಣದ ಬಾಣಲೆ. ನಾನು ಎಲ್ಲವನ್ನೂ ಒಟ್ಟಿಗೆ ಸುರಿದೆ, ನೀರು ಬಿಟ್ಟುಕೊಂಡಿತು. "ನಿಮ್ಮ ಬಸ್ಸಿಗೆ ಜನ ತುಂಬೋ ಹಾಗೆ ತುಂಬಬೇಡ. ಜಾಗ ಬಿಡು, ಅಂಚು ಸುಟ್ಕೊಳ್ಳಲಿ" ಎಂದಳು. ಸ್ವಲ್ಪ ಸ್ವಲ್ಪವೇ ಹಾಕಿದಾಗ ಅಂಚು ಕಪ್ಪಗೆ ಗರಿಯಾಯಿತು, ಮನೆಯೆಲ್ಲ ಘಮ ಘಮ.

ರೊಟ್ಟಿ ಒತ್ತುವ ಯಂತ್ರ ಇಲ್ಲವಲ್ಲ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಅಮ್ಮ ಮಂಚದ ಕೆಳಗಿನಿಂದ ತನ್ನ ಹಳೆಯ ಇದ್ದಿಲ ಇಸ್ತ್ರಿ ಪೆಟ್ಟಿಗೆ ತೆಗೆಸಿದಳು. ತೊಳೆದು ಒರೆಸಿ ಕೊಟ್ಟೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಸುತ್ತ ಮಡಚಿದಳು. ಸಹಾಯಕ್ಕೆ ಹೋದ ನನ್ನ ಕೈಗೆ ಒಂದು ಏಟು ಬಿತ್ತು. ಆಮೇಲೆ ಎಡಗೈ ತೆಗೆದು ಮೈಭಾರವನ್ನೆಲ್ಲ ಬಲಗೈ ಮೇಲೆ ಬಿಟ್ಟಳು. ಕೈ ನಡುಗಿತು, ಬಿಡಲಿಲ್ಲ. ಮೊದಲನೆಯದು ಯಾವುದೋ ದೇಶದ ನಕ್ಷೆಯಂತಿತ್ತು. ನಾಲ್ಕನೆಯದು ದುಂಡಗೆ ಬಂತು, ಕಾವಲಿಯ ಮೇಲೆ ಉಬ್ಬಿತು. ಇಪ್ಪತ್ತಾರು ಒತ್ತಿದಳು. ಮೇಲೆ ಮಾಂಸ, ಸುಟ್ಟ ಅನಾನಸ್ ಚೂರು, ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ. ಊಟಕ್ಕೆ ಕರೆದಿದ್ದ ಮೇಡಂ ಐದು ತಿಂದು, ಕೈ ತೊಳೆದು ಬಂದು ಅಮ್ಮನ ಅಂಗೈಯಲ್ಲಿ ತಮ್ಮ ಎರಡು ಬೆರಳಿಟ್ಟು ಹಿಸುಕಿಸಿಕೊಂಡರು. "ಹಿಡಿತ ಬಂದಿದೆ ಅಮ್ಮಾ" ಎಂದರು.

ಪಾತ್ರೆ ತೊಳೆದಾದ ಮೇಲೆ ಅಮ್ಮ ಕಾಲು ಚಾಚಿ ಕೂತು, "ಇಪ್ಪತ್ತಾರಕ್ಕೇ ನನ್ನ ಸೊಂಟ ಹೋಯ್ತು. ಅವಳು ದಿನಕ್ಕೆ ಎಷ್ಟು ಮಾಡ್ತಾಳೆ?" ಎಂದು ಕೇಳಿದಳು. ಆರುನೂರು ಎಂದೆ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಏನೋ ಅಡುಗೆ ಮಾಡ್ಕೊಂಡಿದ್ದಾಳೆ ಅಂದ್ಕೊಂಡಿದ್ದೆ. ಇದು ಕಸುಬು ಕಣೋ" ಎಂದಳು. ಹೊಲಿಗೆಯನ್ನು ಬಿಟ್ಟು ಬೇರೆ ಯಾವುದಕ್ಕೂ ಅವಳು ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. ನನ್ನ ಕೆಲಸಕ್ಕಂತೂ ಇಲ್ಲವೇ ಇಲ್ಲ.

ಇನ್ನೂ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ತಲೆ ನಾನೇ ಬಾಚಬೇಕು, ಬೈತಲೆ ಸೊಟ್ಟಗಿದೆಯೆಂದು ಬೈಸಿಕೊಳ್ಳಬೇಕು. ಇರಲಿ. ನಿನಗೆ ಇಷ್ಟೆಲ್ಲ ಕಲಿಸಿದ ನಿಮ್ಮ ಅಂಗಡಿಯ ಯಜಮಾನಿಗೆ ನನ್ನ ನಮಸ್ಕಾರ ಹೇಳು. ಅಮ್ಮನ ಆಶೀರ್ವಾದ ನಿನಗೆ ಸದಾ ಇದೆ, ನಿನ್ನೆಯಿಂದ ಸ್ವಲ್ಪ ಹೆಚ್ಚೇ ಇದೆ.

ನಿನ್ನ ತಮ್ಮ,
ಮೊಳೆ

ತಾ.ಕ.: ಸಂಜೆ, ಮನೆಯಲ್ಲಿ. ಅಂಚೆಗೆ ಹಾಕುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕೆಲಸ ಬಿಟ್ಟು ಅಮ್ಮನನ್ನು ನೋಡಿಕೊಳ್ಳಲು ಬಂದುಬಿಡುತ್ತೇನೆ, ಅವಳಿಗೆ ಈಗಲೇ ಹೇಳಬೇಡ ಎಂದು ಹೋದ ತಿಂಗಳು ಬರೆದಿದ್ದೆಯಲ್ಲ. ನಾನು ಹೇಳಿರಲಿಲ್ಲ, ನನ್ನಾಣೆ. ಪತ್ರ ಅಂಗಿಯ ಜೇಬಿನಲ್ಲಿತ್ತು. ಅಂಗಿ ಒಗೆಯಲು ಹಾಕುವಾಗ ಅವಳಿಗೆ ಸಿಕ್ಕಿದೆ. ಈಗಷ್ಟೇ ಬಾಯಿಬಿಟ್ಟಳು. ನಿನ್ನ ಪತ್ರ ಓದಿದ ಮರುದಿನವೇ ನನ್ನಿಂದ ಟ್ಯಾಕೊ ಮಾಡುವ ಬಗೆ ಓದಿಸಿದ್ದಂತೆ. ಕೆಳಗಿನ ಸಾಲು ಅವಳದು, ಬಲಗೈಯಲ್ಲೇ ಬರೆದದ್ದು, ಕಾಲು ಗಂಟೆ ಹಿಡಿಯಿತು. ನಾನು ಕಾಗದ ಅಲುಗದಂತೆ ಹಿಡಿದಿದ್ದೆ, ಅಷ್ಟೇ.

ಕೆಲಸ ಬಿಡಬೇಡ. ರಜೆ ಹಾಕಿ ಬಾ. ನಿನ್ನ ಕೈಯದು ತಿನ್ನಬೇಕು.