ಲೋರಿನ್ ಕಾರಿನ ಇಪ್ಪತ್ತಾರು ಶನಿವಾರ

ಕುಮಟಾ,
ಭಾನುವಾರ, 9 ನವೆಂಬರ್ 2025

ಪ್ರೀತಿಯ ತಮ್ಮ ವಿನಾಯಕನಿಗೆ,

ನಿನ್ನ ಅಕ್ಕ ಜಯಂತಿಯ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ಕಡಿಮೆ ಆತಾ? ಕೊರಿಯಾದಲ್ಲಿ ಈಗಲೇ ಚಳಿ ಹಿಡಿದಿದೆ ಅಂತ ಮಗಳು ಸ್ಮೃತಿ ಮೊಬೈಲಿನಲ್ಲಿ ನೋಡಿ ಹೇಳಿದಳು. ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಹೋಗು, ಇಂಜಿನಿಯರ್ ಆದವನಿಗೆ ಚಳಿ ಆಗೂದಿಲ್ಲ ಅಂತೇನೂ ಇಲ್ಲ. ಅಮ್ಮ ಆರಾಮ ಇದ್ದಾಳೆ. ಮಂಡಿ ನೋವು ಇದ್ದದ್ದೇ. ನನ್ನ ವ್ಯಾಪಾರವೂ ಪರವಾಗಿಲ್ಲ, ಈ ವಾರ ಬಂಗಡೆ ಚಲೋ ಬಿದ್ದಿದೆ. ಇವತ್ತು ಭಾನುವಾರವಾದರೂ ಹತ್ತು ಗಂಟೆಗೇ ಬುಟ್ಟಿ ಖಾಲಿಯಾಗಿ ಮನೆಗೆ ಬಂದೆ. ಕೈ ಎಷ್ಟು ತೊಳೆದರೂ ವಾಸನೆ ಹೋಗೂದಿಲ್ಲ, ಈ ಕಾಗದಕ್ಕೂ ಹತ್ತಿರಬಹುದು. ಸ್ಮೃತಿ ಇದರ ಫೋಟೋ ತೆಗೆದು ನಿನಗೆ ಕಳಿಸ್ತಾಳೆ, ಹಾಗಾಗಿ ನೀನು ಬದುಕಿಕೊಂಡೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೇಳೋಕೆ ನೀನು ಬಿಡಬೇಕಲ್ಲ! ಗುರುವಾರ ಫೋನ್ ಮಾಡಿದವನು ಒಂದೇ ಉಸಿರಿಗೆ, “ಅಕ್ಕಾ, ನಮ್ಮ ಲೋರಿನ್ ಇಂಡಿಯಾಕ್ಕೆ ಬರೂದು ಹೆಚ್ಚುಕಡಿಮೆ ಪಕ್ಕಾ ಆತು. ಸಣ್ಣ ಪೇಟೆಯ ರಿಪೋರ್ಟು ಬಹಳ ಚಲೋ ಬಂದಿದೆ. ಬುಧವಾರ ದೊಡ್ಡವರ ಮೀಟಿಂಗು, ಎದ್ದು ನಿಂತು ಹೇಳೂದು ನಾನೇ” ಅಂದೆ. “ಯಾವ ಸಣ್ಣ ಪೇಟೆ ಮಾರಾಯ?” ಅಂತ ನಾನು ಕೇಳೂದರೊಳಗೆ ಇನ್ನೊಂದು ಕಾಲ್ ಬಂತು ಅಂತ ಇಟ್ಟುಬಿಟ್ಟೆ. ಮೂರು ದಿನದಿಂದ ಅದೇ ಮಾತು ತಲೆಯಲ್ಲಿ ಕುದೀತಾ ಇದೆ. ಮೀನು ಕೊಯ್ಯುವಾಗಲೂ ಅದೇ. ನಿನ್ನೆ ಒಬ್ಬಳಿಗೆ ಅರ್ಧ ಕಿಲೋ ಹೆಚ್ಚಿಗೆ ತೂಗಿ ಕೊಟ್ಟೆ, ನಿನ್ನಿಂದಾಗಿ.

ಆ ಗಾಡಿ ನಮ್ಮ ಅಂಗಳಕ್ಕೆ ಬಂದ ದಿನ ಮರೆತಿಲ್ಲ. ಮೇ ತಿಂಗಳು, ಸುಡು ಬಿಸಿಲು. ದೊಡ್ಡ ಶಹರಗಳಲ್ಲಿ ಮಾತ್ರ ಓಡಿಸಿದರೆ ಇಂಡಿಯಾ ಗೊತ್ತಾಗೂದಿಲ್ಲ, ಒಂದು ಗಾಡಿ ಕುಮಟಾಕ್ಕೂ ಹೋಗಲಿ, ನಮ್ಮ ಭಾವ ಇಪ್ಪತ್ತೆಂಟು ವರ್ಷದಿಂದ ಟ್ಯಾಕ್ಸಿ ಓಡಿಸ್ತಾರೆ, ಅವರು ಆರು ತಿಂಗಳು ಓಡಿಸಿ ಹೇಳಲಿ ಅಂತ ನೀನೇ ಕಂಪನಿಯವರ ಹತ್ತಿರ ಜಗಳ ಮಾಡಿ ಕಳಿಸಿದ್ದು. ಬಿಳೀ ಬಣ್ಣ, ಉದ್ದಾನುದ್ದ ಗಾಡಿ, ಬಸಿರು ಶಾರ್ಕಿನ ಹಾಗೆ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತಿತ್ತು. ಅಮ್ಮ ಕುಂಕುಮ ಹಚ್ಚಿ “ನನ್ನ ಮಗನ ಗಾಡಿ” ಅಂತ ಬಾಗಿಲು ಸವರಿದಳು. ನಿನ್ನ ಭಾವ ತಮ್ಮ ಹಳೆಯ ಎತ್ತರದ ಗಾಡಿಗೆ ತಾಡಪಾಲು ಹೊದಿಸಿ ಕೊಟ್ಟಿಗೆಯ ಪಕ್ಕ ನಿಲ್ಲಿಸಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ. ಗಾಡಿ ಕೆಟ್ಟದ್ದಲ್ಲ. ಹೈವೇ ಮೇಲೆ ಅದಕ್ಕೆ ಸಾಟಿ ಇಲ್ಲ. ಒಮ್ಮೆ ನಮ್ಮನ್ನು ಭಟ್ಕಳಕ್ಕೆ ಕರಕೊಂಡು ಹೋದರು. ಹೊನ್ನಾವರದ ಸೇತುವೆ ದಾಟಿದ್ದೇ ನನಗೆ ಗೊತ್ತಾಗಲಿಲ್ಲ, ಅಮ್ಮ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆದಳು. ಒಳಗೆ ಎಂತ ಸದ್ದೂ ಇಲ್ಲ. ಆದರೆ ಹೈವೇ ಮೇಲೆ ಯಾರ ಮನೆ ಇದೆ ಹೇಳು? ಹೈವೇ ಬಿಟ್ಟು ಒಳಗೆ ತಿರುಗಿದ ಕೂಡಲೇ ಶುರು. ಶಾಲೆ ಎದುರಿಗೆ ಒಂದು ಹಂಪು, ದೇವಸ್ಥಾನದ ಎದುರಿಗೆ ಒಂದು, ತನ್ನ ಮನೆ ಎದುರಿಗೆ ತಾನೇ ಸಿಮೆಂಟು ಹಾಕಿ ಮಾಡಿಕೊಂಡವನದ್ದು ಇನ್ನೊಂದು. ಪ್ರತಿ ಹಂಪಿಗೂ ಅಡಿಯಿಂದ ಕರ್ರ್ ಅಂತ ಕೆರೆಯುವ ಸದ್ದು. ನಿನ್ನ ಭಾವನ ಮುಖ ಆಗ ನೋಡಬೇಕಿತ್ತು. ಅವರದ್ದೇ ಬೆನ್ನು ಕೆರೆದ ಹಾಗೆ ಹಲ್ಲು ಕಚ್ಚಿ ಹಿಡೀತಿದ್ದರು. ಅಘನಾಶಿನಿಯಲ್ಲಿ ಚಿಕ್ಕಮ್ಮನ ಮನೆಗೆ ಹೋದರೆ ಗಾಡಿ ಮೇಲಿನ ರಸ್ತೆಯಲ್ಲೇ ನಿಲ್ಲಿಸಿ ಉಳಿದದ್ದು ನಡೆದೇ ಹೋಗೂದು. ಇನ್ನು ಅಮ್ಮನನ್ನು ಆ ಸೀಟಿನಿಂದ ಏಳಿಸೂದು ಅಂದರೆ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ. ನಾನು ಎರಡೂ ಕೈ ಹಿಡಿದು ಎಳೆಯಬೇಕು, ಸ್ಮೃತಿ ಹಿಂದಿನಿಂದ ದೂಡಬೇಕು. ಅಮ್ಮ ಮಾತ್ರ “ಎಂತ ತೊಂದರೆ ಇಲ್ಲ” ಅನ್ನೂದೇ. ಮಗನ ಗಾಡಿ ಅಲ್ವಾ.

ರೈಲ್ವೆ ಸ್ಟೇಶನ್ನಿನ ಸ್ಟ್ಯಾಂಡಿನಲ್ಲಿ ಇನ್ನೂ ಕಷ್ಟ. ರೈಲು ಇಳಿದವರು ಗೋಕರ್ಣಕ್ಕೆ ಹೋಗುವವರು, ಮುರ್ಡೇಶ್ವರಕ್ಕೆ ಹೋಗುವವರು, ಒಂದೊಂದು ಮನೆಯಿಂದ ಆರೇಳು ಜನ. ಬಂದು ಗಾಡಿ ನೋಡ್ತಾರೆ, ಚಂದ ಇದೆ ಅಂತಾರೆ, ಪಕ್ಕದಲ್ಲಿ ನಿಂತು ಫೋಟೋ ಸಹ ತೆಗೆಸಿಕೊಳ್ತಾರೆ, ಆಮೇಲೆ ಹಿಂದೆ ನಿಂತ ಬೇರೆಯವರ ಎತ್ತರದ ಗಾಡಿ ಹತ್ತಿ ಹೋಗ್ತಾರೆ. ಭಟ್ಕಳದ ಮುಝಮ್ಮಿಲ್ ಸಾಹೇಬರು ನಿನಗೆ ನೆನಪಿರಬಹುದು. ಹದಿನೈದು ವರ್ಷದಿಂದ ಅವರ ಮನೆಯವರು ದುಬೈಗೆ ಹೋಗೂದಾದರೂ ಬರೂದಾದರೂ ಮಂಗಳೂರು ಏರ್‌ಪೋರ್ಟಿಗೆ ನಿನ್ನ ಭಾವನದ್ದೇ ಗಾಡಿ. ಜುಲೈಯಲ್ಲಿ ಇವರು ಲೋರಿನ್ ತೆಗೆದುಕೊಂಡು ಹೋದರು. ಸಾಹೇಬರು ಡಿಕ್ಕಿ ತೆಗೆಸಿ ನೋಡಿದರು, ಹಿಂದಿನ ಸೀಟು ನೋಡಿದರು, ತಮ್ಮ ತಾಯಿಯ ಮುಖ ನೋಡಿದರು. “ಸುಧಾಕರ್ ಭಾಯ್, ಗಾಡಿ ಬಹಳ ಚಂದ ಉಂಟು. ಆದರೆ ನಮ್ಮ ಸಾಮಾನು, ನಮ್ಮ ಅಮ್ಮ, ಎರಡರಲ್ಲಿ ಒಂದನ್ನು ಬಿಟ್ಟು ಹೋಗಬೇಕಾಗ್ತದೆ” ಅಂದರಂತೆ. ಬೇಜಾರಿಲ್ಲದೆ ನಗುತ್ತಲೇ ಅಂದದ್ದು. ಆದರೆ ಆಮೇಲಿಂದ ಅವರ ಫೋನು ಬರಲಿಲ್ಲ.

ಇದೆಲ್ಲ ನುಂಗಿಕೊಳ್ಳಬಹುದಿತ್ತು. ಕುಪ್ಪನ ಮಗಳ ಮದುವೆಯಲ್ಲಿ ಆದದ್ದನ್ನು ಮಾತ್ರ ನುಂಗೋಕೆ ಆಗಿಲ್ಲ. ನಿನಗೆ ಇದನ್ನು ಪೂರ್ತಿ ಯಾರೂ ಹೇಳಿಲ್ಲ, “ಸಣ್ಣ ರಿಪೇರಿ” ಅಂತ ಅಷ್ಟೇ ಹೇಳಿದ್ದು. ಜೂನ್ ಮೊದಲ ವಾರ, ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಹತ್ತಿದ್ದವು. ಹಿರೇಗುತ್ತಿಯ ಕುಪ್ಪ ಬಂದು, “ಸುಧಾಕರಣ್ಣ, ನನ್ನ ಬಂಗಾರಿ ನಿಮ್ಮ ಹೊಸಾ ಗಾಡಿಯಲ್ಲೇ ಮದುವೆ ಹಾಲಿಗೆ ಹೋಗಬೇಕು” ಅಂತ ಕೈ ಹಿಡಿದು ಕೇಳಿದ. ಇವರು ಹಿಂದಿನ ದಿನವೇ ಗಾಡಿ ತೊಳೆದು, ಮಲ್ಲಿಗೆ ಅಬ್ಬಲಿಗೆ ದಂಡೆ ಕಟ್ಟಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ನಾನೂ ಜೊತೆಗಿದ್ದೆ. ಬಂಗಾರಿ, ಅವಳ ತಾಯಿ, ಅತ್ತೆ, ನಾನು, ಮುಂದೆ ಕುಪ್ಪ. ಮನೆಯಿಂದ ಹೊರಟು ಗದ್ದೆಯ ಬದಿಯ ರಸ್ತೆಗೆ ಬಂದೆವು. ಅಲ್ಲಿ ಮೋರಿಗೆ ಅಂತ ಅಗೆದು ಅರ್ಧಕ್ಕೇ ಬಿಟ್ಟಿದ್ದರು, ಮೇಲೆ ಮಣ್ಣು ದೂಡಿ ದಿಬ್ಬ ಮಾಡಿದ್ದರು. ಇವರು ನಿಧಾನಕ್ಕೆ, ಹೆಣ್ಣನ್ನು ಧಾರೆ ಎರೆಯುವಷ್ಟು ನಿಧಾನಕ್ಕೆ ಬಿಟ್ಟರು. ಮುಂದಿನ ಗಾಲಿ ದಾಟಿತು. ಆಮೇಲೆ ಅಡಿಯಲ್ಲಿ ಢಬ್ ಅಂತ ಒಂದು ಸದ್ದು, ಗಾಡಿ ದಿಬ್ಬದ ಮೇಲೆ ಹೊಟ್ಟೆ ಹಚ್ಚಿ ಕೂತುಬಿಟ್ಟಿತು. ಇಳಿದು ನೋಡಿದರೆ ಆಯಿಲ್ ಚೇಂಬರ್ ಒಡೆದು ಎಣ್ಣೆ ಮಣ್ಣಿಗೆ ಸುರೀತಿದೆ.

ಮುಹೂರ್ತಕ್ಕೆ ಇದ್ದದ್ದು ನಲವತ್ತು ನಿಮಿಷ. ಬಂಗಾರಿ ರೇಷ್ಮೆ ಸೀರೆ ಮೊಣಕಾಲವರೆಗೆ ಎತ್ತಿ ಹಿಡಿದು ಕೆಸರಿನಲ್ಲಿ ಇಳಿದಳು. ಅವಳ ತಾಯಿ ಅಳೋಕೆ ಶುರು ಮಾಡಿದಳು. ಅಷ್ಟರಲ್ಲಿ ನಿತ್ಯಾನಂದನ ಮೀನಿನ ಟೆಂಪೋ ಬಂತು. ಮದುವೆ ಹೆಣ್ಣು ಆ ಟೆಂಪೋ ಹತ್ತಿ, ಹಿಂದೆ ಐಸಿನ ಖಾಲಿ ಪೆಟ್ಟಿಗೆ ಗಡಗಡ ಅನ್ನಿಸಿಕೊಂಡು ಹಾಲಿಗೆ ಹೋದಳು. ಆ ಟೆಂಪೋ ನಮ್ಮ ಗಾಡಿಯ ಬದಿಯಿಂದಲೇ ಅದೇ ದಿಬ್ಬವನ್ನು ಆಡಿನ ಹಾಗೆ ಹಾರಿ ದಾಟಿತು, ತಿಳೀತಾ? ಮುಹೂರ್ತ ತಪ್ಪಲಿಲ್ಲ, ದೇವರು ದೊಡ್ಡವನು. ಬಂಗಾರಿ ಗಟ್ಟಿ ಹುಡುಗಿ, ನಕ್ಕಳು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಅದೇ ಮಾತು, ಎಲ್ಲರಿಗೂ ನಗೆ. ನಿನ್ನ ಭಾವ ಊಟಕ್ಕೆ ಬರಲೇ ಇಲ್ಲ. ನಾನು ಹುಡುಕಿಕೊಂಡು ಹೋದರೆ ಆ ಮೋರಿಯ ಕಲ್ಲಿನ ಮೇಲೆ ಕೂತಿದ್ದರು. ಇಸ್ತ್ರಿ ಅಂಗಿಯೆಲ್ಲ ಎಣ್ಣೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಬಾಡಿಗೆಯನ್ನೂ ದಾರಿಯಲ್ಲಿ ಇಳಿಸಿದವರಲ್ಲ. “ನಡಿ ಜಯಂತಿ, ನೀ ಉಂಡುಕೊಂಡು ಬಾ” ಅಂದರು, ಅಷ್ಟೇ.

ಆಮೇಲೆ ಚೆನ್ನೈಯಿಂದ ನಿನ್ನ ಕಂಪನಿಯ ಇಬ್ಬರು ಬಂದರು. ಪಾಲಿಶ್ ಬೂಟು, ಕೈಯಲ್ಲಿ ಟ್ಯಾಬು. ಗಾಡಿ ಸರಿ ಮಾಡಿಸಿದರು, ಇವರಿಂದ ಒಂದು ಕಾಗದಕ್ಕೆ ಸಹಿ ತೆಗೆದುಕೊಂಡರು. ಅದರಲ್ಲಿ ಎಂತ ಬರೆದಿತ್ತು ಗೊತ್ತಾ? ಚಾಲಕನ ಅಜಾಗರೂಕತೆ ಅಂತ! ಸ್ಮೃತಿ ಓದಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆ ರಸ್ತೆಗೆ ಅವರು ಕಾಲೂ ಇಡಲಿಲ್ಲ, ಬೂಟು ಕೆಸರಾಗ್ತದಲ್ಲ.

ನಾನು ಕಲಿತದ್ದು ಏಳನೇ ಇಯತ್ತೆ. ಆದರೆ ಮಾರೂದು ಹೇಗೆ ಅಂತ ನನಗೆ ನಿನ್ನ ಮೀಟಿಂಗಿನವರು ಕಲಿಸಬೇಕಾಗಿಲ್ಲ. ಒಂದು ವರ್ಷ ನಾನು ಅಘನಾಶಿನಿಯ ಬೆಳಚು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ಅಂಥ ಚಿಪ್ಪಿನ ಮೀನು ಬೇರೆಲ್ಲೂ ಸಿಗೂದಿಲ್ಲ, ಅಲ್ಲಿ ಜನ ಮುಗಿಬೀಳ್ತಾರೆ ಅಂದುಕೊಂಡಿದ್ದೆ. ಜನ ಬಂದರು, ಕೈಯಲ್ಲಿ ಹಿಡಿದು ನೋಡಿದರು, “ಇದು ಕಲ್ಲೇನ್ರೀ?” ಅಂದರು. ಅದನ್ನು ಬಿಡಿಸೂದು ಅವರಿಗೆ ಗೊತ್ತಿಲ್ಲ, ಬಿಡಿಸುವ ಕತ್ತಿ ಮನೆಯಲ್ಲಿಲ್ಲ. ಬೆಳಚೂ ಕೆಟ್ಟದ್ದಲ್ಲ, ಹುಬ್ಬಳ್ಳಿಯವರೂ ಕೆಟ್ಟವರಲ್ಲ. ಎರಡು ಚೀಲ ಹಾಗೇ ವಾಪಸ್ ಹೊತ್ತುಕೊಂಡು ಬಂದೆ. ನಿಮ್ಮ ಲೋರಿನ್ನಿನ ಹಣೆಬರಹವೂ ಅದೇ. ನಿಮ್ಮಲ್ಲಿ ರಸ್ತೆ ಮೊದಲು ಮಾಡಿ ಗಾಡಿ ಆಮೇಲೆ ಮಾಡ್ತಾರೆ, ಒಂದು ಗಾಡಿಯಲ್ಲಿ ಇಬ್ಬರು ಕೂತು ಹೋಗ್ತಾರೆ. ನಮ್ಮಲ್ಲಿ ರಸ್ತೆ ಯಾವತ್ತೂ ಮುಗಿದದ್ದಿಲ್ಲ, ಮನೆಯಿಂದ ಒಬ್ಬ ಹೊರಟರೆ ಐದು ಜನ ಹತ್ತಿಕೊಳ್ತಾರೆ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಕಂಪನಿಗೆ ಹೊಳೆಯೂದಿಲ್ವಾ? ನಿನ್ನ ಭಾವ ಪ್ರತಿ ಶನಿವಾರ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಫಾರ್ಮು ತುಂಬಿ ಕಳಿಸಿದ್ದಾರೆ, ಇಪ್ಪತ್ತಾರು ವಾರ, ಒಂದೂ ತಪ್ಪಿಸಿಲ್ಲ. ಸ್ಮೃತಿ ನಾನು ತುಂಬಿಕೊಡ್ತೇನೆ ಅಂದರೂ ಬೇಡ ಅಂದವರು. ಅದನ್ನು ಯಾರೂ ತೆರೆದೇ ನೋಡಲಿಲ್ವಾ? ಬಡ ಡ್ರೈವರು ಬರೆದದ್ದು ಅಂತ ಬದಿಗಿಟ್ಟು, ಯಾರೋ ಶಹರದವನು ಹೇಳಿದ ಸುಳ್ಳನ್ನು ನಂಬಿದ್ದೀರಾ? ನನಗೆ ಸಿಟ್ಟು ಬರೂದು ಅದಕ್ಕೇ, ವಿನಾಯಕ. ಕೇಳೂದಿಲ್ಲ ಅಂತಾದರೆ ಕೇಳಿದ್ದಾದರೂ ಯಾಕೆ?

ಗಾಡಿ ಇಲ್ಲಿ ಮಾರಾಟಕ್ಕೆ ಬಂದರೆ ನಿನಗೆ ಚೆನ್ನೈಗೆ ವರ್ಗ ಆಗ್ತದೆ ಅಂತ ನೀನು ಹೇಳಿದ್ದು ನನಗೆ ಮರೆತಿಲ್ಲ. ಒಂಬತ್ತು ವರ್ಷ ಆತು ನೀನು ಹೋಗಿ, ಬಂದದ್ದು ಎರಡೇ ಸಲ. ನಿನ್ನನ್ನು ನೋಡಬೇಕು ಅಂತ ನನಗಿಲ್ವಾ? ಆದರೆ ಒಂದು ವರ್ಷದಲ್ಲಿ ಗಾಡಿ ಯಾರೂ ತೆಗೆದುಕೊಳ್ಳದೆ ಶೋರೂಮಿನಲ್ಲಿ ಧೂಳು ತಿಂದರೆ, ಆಗ ಬೆರಳು ತೋರಿಸೂದು ಯಾರಿಗೆ? ಎದ್ದು ನಿಂತು ಹೇಳಿದವನಿಗೆ.

ಸರಿ, ಕೈ ನೋಯ್ತಾ ಇದೆ, ಸಾರು ಉಕ್ಕುವ ಹಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಕಫಕ್ಕೆ ಕಾಳುಮೆಣಸಿನ ಕಷಾಯ ಮಾಡಿಕೊ. ಅಮ್ಮನ ಆಶೀರ್ವಾದ, ಸ್ಮೃತಿಯ ನಮಸ್ಕಾರ. ಅಘನಾಶಿನಿಯ ಚಿಕ್ಕಮ್ಮನೂ ಕೇಳಿದ್ದೇನೆ ಅಂತ ಹೇಳು ಅಂದಿದ್ದಾಳೆ. ದೇವರು ನಿನ್ನನ್ನು ಚಲೋ ಇಟ್ಟಿರಲಿ.

ಇಂತಿ ನಿನ್ನ ಸಿಟ್ಟಿನ ಅಕ್ಕ,
ಜಯಂತಿ

ತಾ.ಕ. ಕಾಗದ ಮುಗಿಸಿ ಮಡಿಸಿ ಇಟ್ಟಿದ್ದೆ. ನಿನ್ನ ಭಾವ ಊಟಕ್ಕೆ ಬಂದವರು ಬಿಚ್ಚಿ ಓದಿದರು. ಪೂರ್ತಿ ಓದಿ, ಬಟ್ಟಲ ಮುಂದೆ ಕೂತು, ಅನ್ನಕ್ಕೆ ಕೈ ಹಾಕದೆ, “ಜಯಂತಿ, ಫಾರ್ಮು ಅವರು ಓದಿದ್ದಾರೆ. ನಾನೇ ಸುಳ್ಳು ಬರೆದದ್ದು” ಅಂದರು. ಮೊದಲ ಶನಿವಾರದಿಂದ ಕಡೆಯ ಶನಿವಾರದವರೆಗೆ ಎಲ್ಲದಕ್ಕೂ ಬಹಳ ಚಲೋ, ಬಹಳ ಚಲೋ ಅಂತಲೇ ಒತ್ತಿದ್ದಾರಂತೆ. ಮದುವೆಯ ದಿನದ್ದೂ ತಾವೇ ನನ್ನ ತಪ್ಪು ಅಂತ ಹೇಳಿ ಬರೆಸಿದ್ದಂತೆ. ನಾನು ಕೂಗಿದೆ, ಬಟ್ಟಲು ನೂಕಿದೆ, ಯಾಕೆ ಅಂತ ಕೇಳಿದೆ. “ಪ್ರತಿ ಶನಿವಾರ ಮನೆಗೆ ಬಂದ ಕೂಡಲೇ ಅಮ್ಮ ಕೇಳ್ತಿದ್ದರು, ಎಂತ ಬರೆದೆ ಅಂತ. ಚಲೋ ಅಂತ ಬರೆದೆ, ನಿಮ್ಮ ಮಗ ಬಂದೇ ಬರ್ತಾನೆ ಅಂದರೆ ಅವತ್ತು ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಒಂದು ಸಲ ಹೇಳಿದ ಮೇಲೆ ಹಿಂದೆ ಬರೋಕೆ ಆಗಲಿಲ್ಲ” ಅಂದರು. ಅವರ ಮೇಲೆ ಇನ್ನು ಹೇಗೆ ಸಿಟ್ಟು ಮಾಡೂದು ಅಂತ ನನಗೆ ಗೊತ್ತಾಗ್ತಿಲ್ಲ.

ಮೇಲೆ ನಿನ್ನ ಕಂಪನಿಯವರಿಗೆ ಬೈದದ್ದರಲ್ಲಿ ಅರ್ಧ ವಾಪಸ್. ಬೂಟಿನದ್ದು ಇರಲಿ.

ಆ ಇಪ್ಪತ್ತಾರು ಫಾರ್ಮೂ ಸುಳ್ಳು. ಬುಧವಾರಕ್ಕೆ ಮೊದಲು ನೀನೇ ಹೋಗಿ ಹೇಳು. ನನ್ನ ಭಾವ ಬರೆದದ್ದು ಅಂತ ಹೆಸರು ಹೇಳಿಯೇ ಹೇಳು ಅಂತ ಇವರು ಹೇಳಿದ್ದಾರೆ, ನನ್ನ ಪಕ್ಕದಲ್ಲೇ ಕೂತಿದ್ದಾರೆ. ವರ್ಗ ತಪ್ಪಿದರೆ ತಪ್ಪಲಿ. ಅಮ್ಮನಿಗೆ ಮಾತ್ರ ನಾವಿಬ್ಬರೂ ಹೇಳಲಾರೆವು. ನಾಳೆ ಬೆಳಿಗ್ಗೆ ಅವಳು ಚಾ ಕುಡಿಯುವ ಹೊತ್ತಿಗೆ ನೀನೇ ಫೋನ್ ಮಾಡಿ ಹೇಳು. ಬೇಗ ಇಡಬೇಡ.