ನಾದಿರಾಳ ಮಂಚ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ

ಪ್ರಿಯ ಕ್ಯಾಮಿಲಸ್ ಅಂಕಲ್,

ನನ್ನ ರೂಮಿನಲ್ಲಿರುವ ನಾದಿರಾಳ ಮಂಚವನ್ನು ದಯವಿಟ್ಟು ಬೇರೆಯವರಿಗೆ ಬಾಡಿಗೆಗೆ ಕೊಡಬೇಡಿ.

ಹೋದ ತಿಂಗಳು ಅವಳು ಇಲ್ಲಿರುವ ತನ್ನ ದೇಶದ ರಾಯಭಾರ ಕಚೇರಿಗೆ ಹೋಗಿ, ಚುನಾವಣೆಗೆ ವೋಟು ಹಾಕಿ ಬಂದಳು. ಅವರ ದೇಶದಲ್ಲಿ ಇರುವುದು ರಾಜ ಒಪ್ಪಿದ ಅಭ್ಯರ್ಥಿಗಳ ಒಂದೇ ಪಟ್ಟಿ. ಅದನ್ನು ಕವರಿನೊಳಗಿಟ್ಟು ಪೆಟ್ಟಿಗೆಗೆ ಹಾಕಬೇಕಂತೆ. "ನಾನು ಖಾಲಿ ಕವರೇ ಹಾಕಿದೆ, ಖಲಾಸ್!" ಎಂದು ನಕ್ಕಳು.

ಮರುವಾರ ಪಾಸ್‌ಪೋರ್ಟಿನ ವಿಷಯವೆಂದು ಆ ಕಚೇರಿಯಿಂದ ಕರೆ ಬಂತು. ಹೋದವಳು ಮರಳಲಿಲ್ಲ. ಕೇಳಿದರೆ ಊರಿಗೆ ಹೋದಳೆನ್ನುತ್ತಾರೆ. ಸೂಟ್‌ಕೇಸ್ ಇಲ್ಲೇ ಇದೆ.

ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತಾಗಲೆಲ್ಲ ಬಾಗಿಲು ತೆರೆದು ನೋಡುತ್ತೇನೆ. ಬೀಗ ಬದಲಿಸಬೇಡಿ, ಒಂದು ಕೀ ಅವಳ ಬಳಿ ಇದೆ.

ನಿನ್ನೆ ಫಲಿತಾಂಶ ಬಂತು. ಎಲ್ಲ ಮತವೂ ರಾಜನ ಪಟ್ಟಿಗೇ ಅಂತೆ. ಖಾಲಿ ಕವರು ಒಂದೂ ಸಿಗಲಿಲ್ಲವಂತೆ.

ಇತಿ,
ಡೆಲ್ಫಿನ್