ಗಾಳಿಯಂತ್ರಕ್ಕೆ ಯಾರ ಬಟ್ಟೆ ಕತ್ತರಿಸುವುದು

ಮನೆಯಿಂದ
ಹದಿನಾರನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ತಾಯಿ? ಬೆನ್ನಿನ ನೋವು ಸ್ವಲ್ಪವಾದರೂ ಇಳಿಯಿತೇ? ರಾತ್ರಿ ನಿದ್ದೆ ಹತ್ತುತ್ತದೆಯೇ? ಡಾಕ್ಟರು ದಿನಾ ಬೆಳಗ್ಗೆ ನಿನ್ನ ಅಂಗಾಲಿಗೆ ಸೂಜಿ ಚುಚ್ಚಿ ನೋಡುತ್ತಾರೆ, ನೀನು ಚಾವಣಿ ನೋಡುತ್ತಾ ಸುಮ್ಮನಿರುತ್ತೀಯ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ನಾನು ಹುಟ್ಟಾ ದರ್ಜಿ. ಸೂಜಿ ಚುಚ್ಚದೆ ಕಳೆದ ದಿನ ನನಗಿಲ್ಲ. ಚುಚ್ಚಿದಾಗ ಅಯ್ಯೋ ಎನ್ನುವುದೂ ಒಂದು ಭಾಗ್ಯ ಎಂದು ಮಾತ್ರ ಇಷ್ಟು ವಯಸ್ಸಾದ ಮೇಲೆ ತಿಳಿಯಬೇಕಾಯಿತು. ಫೋನಿನಲ್ಲಿ ಇದನ್ನೆಲ್ಲ ಹೇಳಲು ನನ್ನಿಂದಾಗದು. ಅದಕ್ಕೇ ಕಾಗದ ಹಿಡಿದು ಕೂತೆ. ನಿನ್ನಮ್ಮನಿಗೂ ಓದಿ ಹೇಳು. ಆ ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಬೇಡ, ನೆಲದ ಮೇಲಾದರೂ ಚಾಪೆ ಹಾಸಿಕೊಂಡು ಕಾಲು ಚಾಚಿ ಮಲಗು ಎಂದು ನಾನು ಹೇಳಿದೆನೆಂದು ಹೇಳು. ನನ್ನ ಮಾತು ಅವಳು ಯಾವತ್ತೂ ಕೇಳಿದವಳಲ್ಲ, ಆದರೂ ಹೇಳು.

ಇಲ್ಲಿ ನಾನೂ ನಿನ್ನ ತಂಗಿಯೂ ಆರೋಗ್ಯವಾಗಿದ್ದೇವೆ. ಅಡುಗೆ ನನ್ನದು, ಪಾತ್ರೆ ಅವಳದು. ಮೊನ್ನೆ ಅನ್ನ ತಳ ಹಿಡಿದು ಇಡೀ ಬೀದಿಗೆ ವಾಸನೆ ಹೋಗಿತ್ತು. ಎದುರುಮನೆಯವಳು ಕಿಟಕಿಯಿಂದಲೇ, "ಏನ್ರೀ, ಅಂಗಡೀಲಿ ಕೋಟಿಗೆ ಇಸ್ತ್ರಿ ಜೋರಾಯ್ತಾ?" ಎಂದಳು. ನಾವಿಬ್ಬರೂ ನಕ್ಕೆವು. ನೀನು ಆಸ್ಪತ್ರೆ ಸೇರಿದ ಮೇಲೆ ಈ ಮನೆಯಲ್ಲಿ ನಕ್ಕಿದ್ದು ಅದೊಂದೇ ಸಲ.

ಈಗ ಸಭೆಯ ವಿಷಯ. ಯಾರು ಯಾರೋ ಏನೇನೋ ನಿನ್ನ ಕಿವಿಗೆ ಹಾಕುವ ಮೊದಲು ನಡೆದದ್ದನ್ನು ನಡೆದ ಹಾಗೆ ನಾನೇ ಬರೆಯುತ್ತೇನೆ. ಬುಧವಾರ ಸಂಜೆ ಕರೆಂಟ್ ಕಂಪನಿಯವರು ಶಾಲೆಯ ಸಭಾಂಗಣದಲ್ಲಿ ಊರವರನ್ನೆಲ್ಲ ಕರೆದಿದ್ದರು. ಗುಡ್ಡದ ಮೇಲೆ ಇನ್ನೂ ಐದು ಗಾಳಿಯಂತ್ರ ನಿಲ್ಲಿಸಬೇಕು, ಅದಕ್ಕೆ ಹಣ ಎಲ್ಲಿಂದ ತರುವುದು ಎನ್ನುವುದೇ ಮಾತು. ಮೊದಲಿನ ಎರಡಕ್ಕೆ ಎಲ್ಲಿಂದ ತಂದರೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಹಳೆಯ ಮರದ ಕಂಬಗಳನ್ನು ಬದಲಾಯಿಸಲು ಎತ್ತಿಟ್ಟಿದ್ದ ಹಣವನ್ನು ಗುಡ್ಡ ಹತ್ತಿಸಿದರು. ಕಂಬ ಮುಂದಿನ ವರ್ಷ ನೋಡೋಣ ಎಂದರು, ಆ ವರ್ಷ ಬಂದಾಗ ಅದರ ಮುಂದಿನ ವರ್ಷ ಎಂದರು. ಷೇರುದಾರರಿಗೆ ಹಂಚುವ ಲಾಭದಲ್ಲಿ ಮಾತ್ರ ನೂಲಿನೆಳೆಯಷ್ಟೂ ಕಡಿಮೆಯಾಗಲಿಲ್ಲ. ಹೀಗಾಗಿ ಆ ಬಿರುಗಾಳಿಯ ದಿನ ಚರ್ಮದ ಗೋದಾಮಿನ ಹಿಂದೆ ಕಂಪನಿಯ ತಂತಿ ಸರಿಮಾಡಲು ನೀನು ಹತ್ತಿದ್ದು ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ, ಒಳಗೆ ಬುಡ ಕೊಳೆತು ಟೊಳ್ಳಾಗಿದ್ದ ಒಂದು ಕಂಬವನ್ನು.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮ್ಯಾನೇಜರು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಮನುಷ್ಯ ಕೆಟ್ಟವನೆಂದು ನನಗನ್ನಿಸಲಿಲ್ಲ, ಬಾಯಿ ಒಣಗಿ ಒಂದೇ ಸಮನೆ ನೀರು ಕುಡಿಯುತ್ತಿದ್ದರು. "ನಮ್ಮ ಹತ್ರ ಇರೋದು ಒಂದೇ ಗಂಟು. ಯಂತ್ರ ಬೇಕು ಅಂದ್ರೆ ಮನೆ ಮನೆಯ ಬಿಲ್ಲಿಗೂ ಸ್ವಲ್ಪ ಸ್ವಲ್ಪ ಸೇರಿಸ್ತೀವಿ. ಬೇಡ ಅಂದ್ರೆ ಇಲ್ಲಿಗೇ ಬಿಡ್ತೀವಿ. ನೀವೇ ಹೇಳಿ," ಎಂದರು. ಒಂಟಿ ಬಲ್ಬಿನ ಮುದುಕಿಗೂ ಚರ್ಮದ ಕಾರ್ಖಾನೆಯ ಧಣಿಗೂ ಒಂದೇ ಅಳತೆ! ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿಯನ್ನು ಊರು ಬಿಡಿಸುತ್ತಾರೆ. ಕಂಪನಿಯಾದರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಅಷ್ಟರಲ್ಲಿ ನಮ್ಮ ಬೇಕರಿಯವನು ಎದ್ದು ನಿಂತ. "ಆ ರೆಕ್ಕೆಗಳನ್ನ ಕಿತ್ತು ಗುಜರಿಗೆ ಹಾಕಿ! ದರ್ಜಿ ಮಗಳ ಬೆನ್ನು ಮುರಿದಿದ್ದು ಅವೇ!" ಎಂದು ಕೂಗಿದ. ಜನ ಬೆಂಚು ಬಡಿದರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಎದ್ದು ಹೌದು ಎಂದುಬಿಟ್ಟರೆ ಅವರಿಗೆ ಸಾಕಾಗಿತ್ತು. ಸತ್ಯ ಹೇಳುತ್ತೇನೆ ಗುಬ್ಬೀ, ಒಂದು ಗಳಿಗೆ ನನಗೂ ಹಾಗೇ ಕೂಗಬೇಕೆನಿಸಿತ್ತು. ಆದರೆ ಆ ರೆಕ್ಕೆಗಳು ಮೊದಲ ಸಲ ತಿರುಗಿದ ದಿನ ನೀನು ನನ್ನನ್ನು ಕೈಹಿಡಿದು ಗುಡ್ಡ ಹತ್ತಿಸಿದ್ದು ನೆನಪಾಯಿತು. "ಅಪ್ಪಾ, ಇನ್ಮೇಲೆ ಬಿಳಿ ಬಟ್ಟೇನ ಹೊರಗೇ ಒಣಗಿಸಬಹುದು," ಎಂದಿದ್ದೆ. ಕಂಪನಿ ಕರೆಂಟ್ ತೆಗೆಯುವ ಕಲ್ಲಿದ್ದಲ ಚಿಮಣಿಗಳ ಮಸಿಯ ಕೆಳಗೆ ಬದುಕಿದವರಿಗಷ್ಟೇ ಆ ಮಾತಿನ ಬೆಲೆ ಗೊತ್ತು. ನಿನ್ನಮ್ಮನ ಕೆಮ್ಮು ಕಮ್ಮಿಯಾದದ್ದೂ ಯಂತ್ರ ಬಂದು ಒಂದು ಚಿಮಣಿ ಆರಿದ ಮೇಲೆಯೇ.

ಹಾಗಾಗಿ ಎದ್ದು ನಿಂತೆ. ಮುಂದಿನ ಬೆಂಚು ಹಿಡಿದುಕೊಂಡೆ. "ಯಂತ್ರ ಬೇಕು ಸ್ವಾಮಿ," ಎಂದೆ. "ಬಟ್ಟೆ ಎಲ್ಲಿಂದ ಕತ್ತರಿಸ್ತೀರಿ ಅನ್ನೋದೇ ನನ್ನ ಪ್ರಶ್ನೆ. ಕಂಬದಿಂದ ಕತ್ತರಿಸಿದ್ರಿ, ನನ್ನ ಮಗಳು ಬಿದ್ದಳು. ಈಗ ಇಲ್ಲದವರ ಬಿಲ್ಲಿಂದ ಕತ್ತರಿಸೋಕೆ ಬಂದಿದ್ದೀರಿ. ಲಾಭದ ಬಟ್ಟೆ ಮಡಿಕೆ ಬಿಚ್ಚದೆ ಹಾಗೇ ಇದೆಯಲ್ಲ, ಅದಕ್ಕೆ ಯಾಕೆ ಕತ್ತರಿ ತಾಗಲ್ಲ? ಊರವರೂ ಹಾಕಬೇಕು ಅಂದ್ರೆ ಹಾಕ್ತೀವಿ. ಆದ್ರೆ ಹಾಕಿದವರಿಗೆ ಯಂತ್ರದಲ್ಲಿ ಪಾಲು ಕೊಡಿ. ದುಡ್ಡು ನಮ್ಮದು, ಗಾಳಿ ನಮ್ಮದು, ಒಡೆತನ ಮಾತ್ರ ನಿಮ್ಮದಾ?"

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಲಾಭ ಇಳಿದರೆ ಷೇರು ಇಟ್ಟವರು ಹಣ ಕಿತ್ತುಕೊಂಡು ಹೋಗುತ್ತಾರೆ, ಬ್ಯಾಂಕಿನವರು ಬಡ್ಡಿ ಏರಿಸುತ್ತಾರೆ, ಆಗ ಯಂತ್ರವೂ ಇಲ್ಲ, ಕಂಬವೂ ಇಲ್ಲ ಎಂದು ಮೆಲ್ಲಗೆ ಹೇಳಿದರು. ಅದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಅಳೆಯುವ ಟೇಪು ನನ್ನಲ್ಲಿಲ್ಲ. ಒಂದು ವರ್ಷ ಕಡಿಮೆ ಲಾಭ ಸಿಕ್ಕಿತೆಂದು ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು. ಆದರೆ ಅವರ ಪಕ್ಕ ಕೂತಿದ್ದ ವಕೀಲ ಬಾಯಿ ಹಾಕಿದ. "ಹುಡುಗಿ ಬೆಲ್ಟ್ ಕಟ್ಟಿರಲಿಲ್ಲ ಅಂತ ವರದಿಯಲ್ಲಿದೆ. ಕಂಬದ ಮೇಲೇ ತಪ್ಪು ಹೊರಿಸೋದು ಬೇಡ," ಎಂದ.

ಆಗ ಎದ್ದವನು ನಿನ್ನ ಮೇಸ್ತ್ರಿ. ನೀನು ಅವನನ್ನು ಎಷ್ಟು ಬೈದುಕೊಳ್ಳುತ್ತಿದ್ದೆ, ಮೇಲಿನವರ ಮುಂದೆ ಬಾಲ ಅಲ್ಲಾಡಿಸುತ್ತಾನೆ ಎಂದು! ಆ ಮನುಷ್ಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದವನು, ನಡುವಿನ ದಾರಿಯಲ್ಲಿ ಮುಂದೆ ಬಂದು ಹೇಳಿದ: "ಬೆಲ್ಟ್ ಕಟ್ಟಿದ್ದಳು. ಕಂಬದ ಸಮೇತ ಬಂದು ಬಿದ್ದಳು. ಅವಳ ಸೊಂಟದಿಂದ ಅದನ್ನ ಬಿಚ್ಚಿದ ಕೈ ಇದೇ." ಎರಡು ಕೈಗಳನ್ನೂ ಮೇಲೆತ್ತಿ ತೋರಿಸಿದ. ಕೈ ಇಳಿಸಲು ಅವನಿಗೆ ಮರೆತೇಹೋಯಿತು ಎನ್ನುವ ಹಾಗೆ ಬಹಳ ಹೊತ್ತು ಹಾಗೇ ನಿಂತಿದ್ದ. ನಾನು ಅಲ್ಲಿಯೇ, ಅಷ್ಟು ಜನರ ಮುಂದೆ, ಅತ್ತುಬಿಟ್ಟೆ. ಮಾರನೆಯ ದಿನ ಅವನನ್ನು ರಜೆಯ ಮೇಲೆ ಕಳಿಸಿದ್ದಾರೆ. ಯಾವಾಗ ಬಾ ಎಂದು ಹೇಳಿಲ್ಲ.

ಇಷ್ಟಾದ ಮೇಲೆ ಏನಾಯಿತು ಎನ್ನುತ್ತೀಯಾ? ಕೈ ಎತ್ತಿಸಿದರು. ಬಿಲ್ಲಿಗೆ ಸೇರಿಸೋಣವೇ, ಯಂತ್ರ ಕೈಬಿಡೋಣವೇ, ಎರಡೇ ಪ್ರಶ್ನೆ. ನಾನು ಕೇಳಿದ್ದು ಮೂರನೆಯದು, ಅದಕ್ಕೆ ಕೈ ಎತ್ತುವಂತೆ ಯಾರೂ ಹೇಳಲಿಲ್ಲ. ಜನರಾದರೂ ಏನು ಮಾಡಿಯಾರು? ಬೆಲೆಯೇರಿಕೆಯಲ್ಲಿ ಬೆಂದವರು, ಮುಕ್ಕಾಲು ಪಾಲು ಕೈಗಳು ಯಂತ್ರದ ವಿರುದ್ಧ ಎದ್ದವು. ಶುಕ್ರವಾರ ಕಂಪನಿಯ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಜನರ ಇಚ್ಛೆಯಂತೆ ಐದು ಯಂತ್ರಗಳನ್ನು ಕೈಬಿಡಲಾಗಿದೆ, ಆರಿಸಿದ್ದ ಚಿಮಣಿಯನ್ನು ಮತ್ತೆ ಹೊತ್ತಿಸಲಾಗುವುದು, ಕಲ್ಲಿದ್ದಲು ದುಬಾರಿಯಾದ್ದರಿಂದ ಬಿಲ್ಲೂ ಏರುತ್ತದೆ. ಕಂಬದ ಮಾತು ಒಂದಕ್ಷರವೂ ಇಲ್ಲ. ಅದನ್ನು ಓದಿದ ಬೇಕರಿಯವನು ನಿನ್ನೆ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ. "ನಿಮ್ಮ ಪರವಾಗೇ ಕೂಗಿದೆ ಅಂದ್ಕೊಂಡಿದ್ದೆ ಕಣಣ್ಣಾ," ಎಂದ. ಕೂರಲು ಹೇಳಿದೆ. ಕೂರಲಿಲ್ಲ.

ಚಿಮಣಿ ನಿನ್ನೆಯೇ ಹೊತ್ತಿಕೊಂಡಿತು. ಇವತ್ತು ಒಂದು ಮದುವೆಯ ಬಿಳಿ ಕೋಟನ್ನು ಒಳಗೆ, ಒಲೆಯ ಪಕ್ಕ ಒಣಗಿಸಿದ್ದೇನೆ. ನಿನ್ನಮ್ಮ ಸದ್ಯಕ್ಕೆ ಅಲ್ಲಿರುವುದೇ ಒಳ್ಳೆಯದಾಯಿತು.

ಧೈರ್ಯಗೆಡಬೇಡ ಮಗಳೇ. ಸಾಲು ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು, ನಾನು ಹಾಗೆಯೇ ಕೈ ಪಳಗಿಸಿಕೊಂಡವನು. ಹೊತ್ತು ಹೊತ್ತಿಗೆ ಊಟ ಮಾಡು, ನರ್ಸಮ್ಮನ ಮೇಲೆ ರೇಗಬೇಡ. ನಿನ್ನ ಕಾಲು ನೆಲ ಮುಟ್ಟುವ ದಿನ ಬೇಗ ಬರಲಿ ಎಂದು ಎದೆಯಾಳದಿಂದ ಹರಸುತ್ತೇನೆ. ನಿನ್ನಮ್ಮನಿಗೆ ನನ್ನ ನೆನಪುಗಳು.

ನಿನ್ನ
ಅಪ್ಪ

ಮರೆತದ್ದು: ಅಮ್ಮನಿಗೆ ಓದಿ ಹೇಳುವುದನ್ನು ಮೇಲಿನ ಸಹಿಗೇ ನಿಲ್ಲಿಸು. ಇದು ನಿನಗೊಬ್ಬಳಿಗೆ. ಮನೆಯ ಒಬ್ಬರಾದರೂ ಅವರ ಕೆಲಸದಲ್ಲಿದ್ದರೆ ಮಾತ್ರ ನಿನ್ನ ಆಸ್ಪತ್ರೆಯ ಖರ್ಚು ಕಂಪನಿ ನೋಡಿಕೊಳ್ಳುತ್ತದಂತೆ. ನಿನ್ನ ತಂಗಿ ನನಗೆ ಹೇಳದೆ ಹೋಗಿ ನಿನ್ನ ಜಾಗಕ್ಕೆ ಸೇರಿಕೊಂಡು ಬಂದಿದ್ದಾಳೆ. ನಾಳೆ ಬಿಟ್ಟು ಮುಂದಿನ ಸೋಮವಾರ, ಇಪ್ಪತ್ತನಾಲ್ಕಕ್ಕೆ, ಮೊದಲ ಕಂಬ. ಬೇಡ ಎಂದು ಕಾಲು ಹಿಡಿದೆ, ಕೇಳಲಿಲ್ಲ. ನಿನ್ನ ಬೂಟು ಅವಳಿಗೆ ದೊಡ್ಡದು, ತುದಿಗೆ ನನ್ನ ಅಂಗಡಿಯ ಚಿಂದಿ ತುರುಕಿಕೊಂಡು ಅಂಗಳದಲ್ಲಿ ನಡೆದು ನೋಡುತ್ತಿದ್ದಾಳೆ. ಮೇಸ್ತ್ರಿಯೂ ಇಲ್ಲ, ಅವಳಿಗೆ ಹೇಳಿಕೊಡುವವರು ಯಾರೂ ಇಲ್ಲ. ಯಾವ ಯಾವ ಬೀದಿಯಲ್ಲಿ ಯಾವ ಕಂಬ ಟೊಳ್ಳು ಎಂದು ನೆನಪಿದ್ದಷ್ಟನ್ನೂ ಈ ಕಾಗದ ಸಿಕ್ಕ ದಿನವೇ ಬರೆದು ಕಳಿಸು. ನಿನಗೆ ಕೂತು ಬರೆಯಲಾಗದಿದ್ದರೆ ನರ್ಸಮ್ಮನ ಕೈಲಿ ಬರೆಸು. ಅಮ್ಮನ ಕೈಲಿ ಬೇಡ.